ಬೀರುವಿನಲ್ಲಿ ಮಲಗಿರುವ ಪಿಎಸ್‌ಪಿ: ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಪಿಎಸ್‌ಪಿ (ಕೈಯಲ್ಲಿ ಹಿಡಿದು ಆಡುವ ಸೋನಿಯ ಗೇಮ್ ಯಂತ್ರ, ಪ್ಲೇಸ್ಟೇಷನ್ ಪೋರ್ಟಬಲ್) ಕೈಗೆ ಸಿಕ್ಕವರೆಲ್ಲ ಮೊದಲು ಕೇಳುವುದು "ಇದಕ್ಕೆ ಗೇಮ್ ಹಾಕಿಕೊಡುತ್ತೀರಾ?" ಎಂದು. ಗೇಮ್ ಹಾಕುವುದು ಅರ್ಧ ಗಂಟೆಯ ಕೆಲಸ, ಅದನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು. ಬ್ಯಾಟರಿ, ಮೆಮೊರಿ ಕಾರ್ಡು ಮತ್ತು ಗುಂಡಿಗಳನ್ನು ಸುಸ್ಥಿತಿಗೆ ತರುವುದೇ ನಿಜವಾದ ಕೆಲಸ. ಅದಕ್ಕೇ ಇಲ್ಲಿ ಸಾಫ್ಟ್‌ವೇರ್‌ನ ಮಾತು ಸ್ವಲ್ಪ ತಡವಾಗಿ ಬರುತ್ತದೆ.

ನನ್ನ ಬಳಿ ಇರುವುದು ಯಾವ ಮಾದರಿ ಎಂದು ತಿಳಿಯುವುದು ಹೇಗೆ?

ಬ್ಯಾಟರಿ ತೆಗೆದು ಅದರ ಗೂಡಿನ ಚೀಟಿಯನ್ನು ಓದಿ. ಸೋನಿ ಕಂಪನಿ ಪಿಎಸ್‌ಪಿಯನ್ನು ಜಪಾನಿನಲ್ಲಿ 2004ರ ಡಿಸೆಂಬರ್ 12ರಂದು ಬಿಡುಗಡೆ ಮಾಡಿತು. ಆಗ ಬಂದ ದಪ್ಪನೆಯದು 1000. 2007ರಲ್ಲಿ ಬಂದ ತೆಳುವಾದದ್ದು 2000, ಅದರ ಮರುವರ್ಷ ಮೈಕ್ ಸೇರಿಸಿಕೊಂಡು ಬಂದದ್ದು 3000. ನಮ್ಮ ಕಡೆ ಹೆಚ್ಚಾಗಿ ಸಿಗುವುದು 3000. ಪರದೆಯನ್ನು ಪಕ್ಕಕ್ಕೆ ಜಾರಿಸುವಂಥದ್ದು 2009ರ ಪಿಎಸ್‌ಪಿ ಗೋ. 2011ರ ಇ1000 ಅಗ್ಗದ ಮಾದರಿ: ಅದರಲ್ಲಿ ವೈಫೈ ಇಲ್ಲ, ಸ್ಪೀಕರ್ ಒಂದೇ, ಬ್ಯಾಟರಿಯನ್ನು ಹಿಂದಿನ ಮುಚ್ಚಳ ಸರಿಸಿ ತೆಗೆಯಲೂ ಬರುವುದಿಲ್ಲ.

ಎಲ್ಲ ಮಾದರಿಗಳ ಪರದೆಯಲ್ಲೂ 480×272 ಚುಕ್ಕೆಗಳೇ. 1000ದಲ್ಲಿ 32 ಎಂಬಿ ರ್‍ಯಾಮ್, ಆಮೇಲಿನವುಗಳಲ್ಲಿ 64 ಎಂಬಿ. ಮಾದರಿ ಸಂಖ್ಯೆಯ ಕೊನೆಯ ಅಂಕಿ ಅದು ಮಾರಾಟವಾದ ಪ್ರದೇಶವನ್ನು ಹೇಳುತ್ತದೆ. ಸೊನ್ನೆ ಇದ್ದರೆ ಜಪಾನಿನದು, ಒಂದಿದ್ದರೆ ಉತ್ತರ ಅಮೆರಿಕದ್ದು. ಜಪಾನಿನದರಲ್ಲಿ "ಸರಿ" ಎನ್ನಲು ವೃತ್ತದ ಗುಂಡಿ, "ಬೇಡ" ಎನ್ನಲು ಕತ್ತರಿ ಗುರುತಿನ (×) ಗುಂಡಿ. ಇದು ಕೆಟ್ಟಿರುವುದರ ಲಕ್ಷಣವಲ್ಲ.

ಚಾರ್ಜರ್ ಹಾಕಿದರೂ ಆನ್ ಆಗುತ್ತಿಲ್ಲ. ಸತ್ತುಹೋಯಿತೇ?

ಅಷ್ಟು ಬೇಗ ಕೈಬಿಡಬೇಡಿ. ಬಲಬದಿಯಲ್ಲಿ ಜಾರುವ ಸ್ವಿಚ್ ಇದೆಯಲ್ಲ, ಅದು ಕೆಳಗೆ ಸರಿದು ನಿಂತಿದ್ದರೆ ಹೋಲ್ಡ್ ಸ್ಥಿತಿಯಲ್ಲಿದೆ ಎಂದರ್ಥ. ಆಗ ಯಾವ ಗುಂಡಿ ಒತ್ತಿದರೂ ಪ್ರತಿಕ್ರಿಯೆ ಬರುವುದಿಲ್ಲ. "ಕೆಟ್ಟಿದೆ, ನೋಡಿ" ಎಂದು ಜನ ತಂದುಕೊಡುವವುಗಳಲ್ಲಿ ಇಂಥವೂ ಇರುತ್ತವೆ.

ಸ್ವಿಚ್ ಸರಿಯಿದ್ದರೆ ಬ್ಯಾಟರಿಯನ್ನು ಪೂರ್ತಿ ಹೊರಗೆ ತೆಗೆದು, ಚಾರ್ಜರ್ ಮಾತ್ರ ಸಿಕ್ಕಿಸಿ ಆನ್ ಮಾಡಿ ನೋಡಿ. ಪಿಎಸ್‌ಪಿ ಬ್ಯಾಟರಿ ಇಲ್ಲದೆಯೂ ಚಾರ್ಜರಿನ ಬಲದಲ್ಲೇ ನಡೆಯುತ್ತದೆ. ಹೀಗೆ ಆನ್ ಆದರೆ ದೋಷ ಬ್ಯಾಟರಿಯದು. ಆಗದಿದ್ದರೆ ಚಾರ್ಜರ್, ಚಾರ್ಜಿಂಗ್ ಸಾಕೆಟ್ ಅಥವಾ ಒಳಗಿನ ಬೋರ್ಡು, ಈ ಕ್ರಮದಲ್ಲಿ ಅನುಮಾನಿಸಿ. ಚಾರ್ಜರಿನ ಮೇಲೆ ಐದು ವೋಲ್ಟ್ ಎಂದೇ ಬರೆದಿರಬೇಕು. ಪಿನ್ ಹೊಂದಿಕೊಂಡಿತೆಂದು ಮನೆಯಲ್ಲಿರುವ ಒಂಬತ್ತು ಅಥವಾ ಹನ್ನೆರಡು ವೋಲ್ಟಿನ ರೂಟರ್ ಚಾರ್ಜರನ್ನು ಹಾಕಿದರೆ ಬೋರ್ಡು ಸುಟ್ಟುಹೋದೀತು.

2000 ಮತ್ತು 3000 ಮಾದರಿಗಳನ್ನು ಮಿನಿ ಯುಎಸ್‌ಬಿ ಕೇಬಲಿನಿಂದಲೂ ಚಾರ್ಜ್ ಮಾಡಬಹುದು. ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಚಾರ್ಜ್ ಆಯ್ಕೆ ಆನ್ ಆಗಿರಬೇಕು. 1000ಕ್ಕೆ ಆ ಸೌಲಭ್ಯವಿಲ್ಲ. ಒಂದು ತುದಿಯಲ್ಲಿ ಯುಎಸ್‌ಬಿ, ಇನ್ನೊಂದರಲ್ಲಿ ಪಿಎಸ್‌ಪಿಯ ದುಂಡು ಪಿನ್ ಇರುವ ಕೇಬಲ್ ಆನ್‌ಲೈನಿನಲ್ಲಿ ಸಿಗುತ್ತದೆ. ಮೊಬೈಲ್ ಚಾರ್ಜರಿಗೆ ಅದನ್ನೇ ಹಾಕಿಕೊಂಡರೆ ಹಳೆಯ ಚಾರ್ಜರ್ ಹುಡುಕುವ ತಾಪತ್ರಯವಿಲ್ಲ.

ಹಿಂದಿನ ಮುಚ್ಚಳ ಕೂರುತ್ತಿಲ್ಲ, ಬ್ಯಾಟರಿ ಪೂರಿಯಂತೆ ಉಬ್ಬಿದೆ. ಬಳಸಬಹುದೇ?

ಬೇಡ. ಒತ್ತಿ ಕೂರಿಸಬೇಡಿ, ಚುಚ್ಚಬೇಡಿ, "ಇನ್ನೊಂದೇ ಸಲ" ಎಂದು ಚಾರ್ಜಿಗೂ ಹಾಕಬೇಡಿ. ಇವೆಲ್ಲ ಲಿಥಿಯಂ ಬ್ಯಾಟರಿಗಳು. ಉಬ್ಬಿದೆ ಎಂದರೆ ಒಳಗೆ ಅನಿಲ ತುಂಬಿದೆ. ತೂತಾದರೆ ಬೆಂಕಿ ಹೊತ್ತಿಕೊಳ್ಳಬಹುದು. ಮೆಲ್ಲಗೆ ಹೊರತೆಗೆದು, ಸಂಪರ್ಕದ ಲೋಹದ ಪಟ್ಟಿಗಳ ಮೇಲೆ ಟೇಪು ಅಂಟಿಸಿ, ಉರಿಯುವ ವಸ್ತುಗಳಿಲ್ಲದ ಕಡೆ ಇಡಿ. ಬೆಳಿಗ್ಗೆ ಬರುವ ಕಸದ ಗಾಡಿಯ ಒಣ ಕಸಕ್ಕೆ ಹಾಕಬೇಡಿ. ಗಾಡಿಯೊಳಗೆ ಅದು ಜಜ್ಜಿಹೋದರೆ ತೊಂದರೆ ಅನುಭವಿಸುವವರು ಪೌರಕಾರ್ಮಿಕರು. ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಒಪ್ಪಿಸಿ.

ವರ್ಷಗಟ್ಟಲೆ ಬೀರುವಿನಲ್ಲಿ ಖಾಲಿಯಾಗಿ ಬಿದ್ದಿದ್ದ ಬ್ಯಾಟರಿ ಉಬ್ಬದಿದ್ದರೂ ಬಹಳ ಸಲ ನಿಷ್ಪ್ರಯೋಜಕವೇ. ಪಿಎಸ್‌ಪಿಯನ್ನು ಎತ್ತಿಡುವುದಾದರೆ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜ್ ಮಾಡಿ, ಹೊರತೆಗೆದು, ಬೇರೆಯಾಗಿ ಇಡಿ. ಗಡಿಯಾರದ ಸಮಯ ಅಳಿಸಿಹೋಗುತ್ತದೆ, ಹೋಗಲಿ.

ಹೊಸ ಬ್ಯಾಟರಿ, ಬಿಡಿಭಾಗಗಳು ಮೈಸೂರಿನಲ್ಲಿ ಸಿಗುತ್ತವೆಯೇ?

ದೇವರಾಜ ಅರಸು ರಸ್ತೆಯ ಅಂಗಡಿಗಳನ್ನು ಸುತ್ತಿದರೆ ಕವರು, ಕೇಬಲು ಸಿಗಬಹುದು, ಬ್ಯಾಟರಿ ಸಿಗುವುದು ಅದೃಷ್ಟ. ಬೆಂಗಳೂರಿಗೆ ಹೋಗುವ ಕೆಲಸವಿದ್ದರೆ ಮೆಜೆಸ್ಟಿಕ್ ಬಳಿಯ ನ್ಯಾಷನಲ್ ಮಾರ್ಕೆಟ್ ಮತ್ತು ಎಸ್.ಪಿ. ರಸ್ತೆಗೆ ಒಂದು ಸುತ್ತು ಹಾಕಿ ಬನ್ನಿ. ಬಿಡಿಭಾಗಗಳಿಗಾಗಿ ಹವ್ಯಾಸಿಗಳು ನೆಚ್ಚಿಕೊಂಡಿದ್ದ ಅಲಿಎಕ್ಸ್‌ಪ್ರೆಸ್ 2020ರ ನವೆಂಬರ್‌ನಲ್ಲಿ ನಮ್ಮಲ್ಲಿ ನಿಷೇಧವಾಯಿತು. ಈಗ ಉಳಿದಿರುವುದು ದೇಶದೊಳಗಿನ ಆನ್‌ಲೈನ್ ಅಂಗಡಿಗಳು, ಮತ್ತೆ ವಿದೇಶದಿಂದ ರಜೆಗೆ ಬರುವ ನೆಂಟರು. ನೆಂಟರಿಗೆ ಬ್ಯಾಟರಿ ತರಲು ಹೇಳುವುದಾದರೆ ಕೈಚೀಲದಲ್ಲೇ ತರಲು ಹೇಳಿ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ವಿಮಾನದ ಸರಕಿಗೆ ಹಾಕುವ ಪೆಟ್ಟಿಗೆಯಲ್ಲಿ ಇಡುವಂತಿಲ್ಲ.

ಕೊಳ್ಳುವಾಗ ಮೇಲೆ ಅಚ್ಚಾದ ಅಂಕಿಯನ್ನು ನಂಬಬೇಡಿ. ಸೋನಿಯದೇ ಬ್ಯಾಟರಿಗಳಲ್ಲಿ 1000 ಮಾದರಿಯದ್ದು 1800 ಎಂಎಎಚ್, 2000 ಮತ್ತು 3000ದ್ದು 1200 ಎಂಎಎಚ್. ಅದೇ ಗಾತ್ರದ ಪೊಟ್ಟಣದ ಮೇಲೆ 3600 ಎಂದು ಬರೆದಿದ್ದರೆ ಅದು ಸುಳ್ಳು. ಕೈಯಲ್ಲಿ ಹಿಡಿದಾಗ ಹಗುರ ಎನಿಸುವ ಬ್ಯಾಟರಿ ಸಾಮರ್ಥ್ಯದಲ್ಲೂ ಕಡಿಮೆಯೇ ಇರುತ್ತದೆ.

ಯಾವ ಮೆಮೊರಿ ಕಾರ್ಡ್ ಹಾಕಬೇಕು? ಅಂಗಡಿಯವರು "ಆ ಕಾರ್ಡ್ ಈಗ ಬರುವುದಿಲ್ಲ" ಎನ್ನುತ್ತಾರೆ.

ಅವರು ಹೇಳುವುದು ಸರಿ. ಪಿಎಸ್‌ಪಿ ಬಳಸುವುದು ಸೋನಿಯ ಮೆಮೊರಿ ಸ್ಟಿಕ್ ಪ್ರೊ ಡ್ಯುವೊ. ಅಸಲಿ ಕಾರ್ಡು ಈಗ ಅಪರೂಪ, ನಕಲಿಗಳು ಧಾರಾಳ. ಅದರ ಬದಲು ಮೈಕ್ರೊ ಎಸ್‌ಡಿ ಕಾರ್ಡನ್ನು ಈ ಆಕಾರಕ್ಕೆ ಹೊಂದಿಸುವ ಅಡಾಪ್ಟರ್ ಕೊಳ್ಳಿ. ಬೆಲೆ ಕಡಿಮೆ, ಕೆಲಸ ಅಚ್ಚುಕಟ್ಟು.

ಅಡಾಪ್ಟರುಗಳಲ್ಲಿ ಎರಡು ಬಗೆ. ಒಂದು ಕಾರ್ಡ್ ಹಿಡಿಯುವುದನ್ನೇ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. ಎರಡು ಕಾರ್ಡ್ ಹಿಡಿಯುವ ಅಡಾಪ್ಟರ್ ಮಾಹಿತಿಯನ್ನು ಎರಡರಲ್ಲೂ ಹಂಚಿ ಬರೆಯುತ್ತದೆ. ಒಂದು ಕೆಟ್ಟರೆ ಎರಡರದೂ ಹೋಯಿತು. ಇಂದು ಒಂದು ಹಾಕಿ, ಮುಂದಿನ ತಿಂಗಳು ಇನ್ನೊಂದು ಸೇರಿಸೋಣ ಎಂದರೆ ಮತ್ತೆ ಮೊದಲಿನಿಂದ ಫಾರ್ಮ್ಯಾಟ್ ಮಾಡಬೇಕು.

ಕಾರ್ಡನ್ನು ಮೊದಲು ಕಂಪ್ಯೂಟರಿಗೆ ಹಾಕಿ ಅದರ ನಿಜವಾದ ಸಾಮರ್ಥ್ಯವನ್ನು ಪರೀಕ್ಷಿಸಿ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳು ಇದಕ್ಕಾಗಿಯೇ ಇವೆ. ಆಮೇಲೆ ಪಿಎಸ್‌ಪಿಗೆ ಹಾಕಿ, ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ಅಲ್ಲೇ ಫಾರ್ಮ್ಯಾಟ್ ಮಾಡಿ. 32 ಜಿಬಿಗಿಂತ ದೊಡ್ಡ ಕಾರ್ಡುಗಳು ಎಕ್ಸ್‌ಫ್ಯಾಟ್ ರೂಪದಲ್ಲಿ ಬರುತ್ತವೆ, ಪಿಎಸ್‌ಪಿಗೆ ಅರ್ಥವಾಗುವುದು ಫ್ಯಾಟ್32 ಮಾತ್ರ.

ಎಷ್ಟು ದೊಡ್ಡದು ಬೇಕು? ಪಿಎಸ್‌ಪಿ ಆಟಗಳು ಬರುತ್ತಿದ್ದ ಯುಎಂಡಿ ಎಂಬ ಪುಟ್ಟ ಡಿಸ್ಕಿನ ಗರಿಷ್ಠ ಸಾಮರ್ಥ್ಯವೇ 1.8 ಜಿಬಿ. 32 ಜಿಬಿ ಇದ್ದರೆ ಒಬ್ಬ ಮನುಷ್ಯ ಆಡಿ ಮುಗಿಸಲಾರದಷ್ಟು ತುಂಬುತ್ತದೆ. 256 ಜಿಬಿ ಹಾಕಿಕೊಂಡವರು ಪಟ್ಟಿಯನ್ನು ಮೇಲಕ್ಕೆ ಕೆಳಕ್ಕೆ ಉರುಳಿಸುವುದರಲ್ಲೇ ಸಂಜೆ ಕಳೆಯುತ್ತಾರೆ.

ಕಸ್ಟಮ್ ಫರ್ಮ್‌ವೇರ್ ಎಂದರೇನು? ಹಾಕಿದರೆ ಪಿಎಸ್‌ಪಿ ಕೆಡುವುದಿಲ್ಲವೇ?

ಪಿಎಸ್‌ಪಿಯನ್ನು ನಡೆಸುವ ಸೋನಿಯ ಮೂಲ ತಂತ್ರಾಂಶಕ್ಕೆ ಹವ್ಯಾಸಿಗಳು ಮಾಡಿದ ತಿದ್ದುಪಡಿ ಅದು. ಹಾಕಿದ ಮೇಲೆ ಸೋನಿಯ ಸಹಿ ಇಲ್ಲದ ಪುಟ್ಟ ತಂತ್ರಾಂಶಗಳನ್ನೂ ಮೆಮೊರಿ ಕಾರ್ಡಿನಲ್ಲಿರುವ ಆಟಗಳನ್ನೂ ಓಡಿಸಬಹುದು. ಸೋನಿ ಕೊನೆಯದಾಗಿ ಕೊಟ್ಟದ್ದು 6.61, 2015ರ ಜನವರಿಯಲ್ಲಿ. ಆಮೇಲೆ ಹೊಸದು ಬಂದಿಲ್ಲ. "ನಾಳೆ ಅಪ್‌ಡೇಟ್ ಬಂದು ಎಲ್ಲ ಹೋಗುತ್ತದೆ" ಎಂಬ ಭಯಕ್ಕೆ ಕಾರಣವಿಲ್ಲ.

ಕೆಡುವ ಭಯ ಹಿಂದೆ ನಿಜವಾಗಿಯೂ ಇತ್ತು. ಆ ಕಾಲದ ಕಥೆಗಳು ಸ್ವಾರಸ್ಯಕರ. ಆಟವೊಂದರ ಸೇವ್ ಫೈಲಿನಲ್ಲಿ ಇದ್ದ ಬಿರುಕಿನ ಮೂಲಕ ಒಳನುಗ್ಗುತ್ತಿದ್ದರು. 2007ರಲ್ಲಿ ಲ್ಯುಮಿನ್ಸ್ ಎಂಬ ಪಝಲ್ ಆಟದಲ್ಲಿ ಅಂಥ ಬಿರುಕು ಸಿಕ್ಕಿದಾಗ, ಅಂಗಡಿಗಳಲ್ಲಿ ಮೂಲೆ ಸೇರಿದ್ದ ಆ ಡಿಸ್ಕಿಗೆ ದಿಢೀರನೆ ಬೇಡಿಕೆ ಬಂತು. ಅದೇ ವರ್ಷ ಪಂಡೋರಾ ಬ್ಯಾಟರಿ ಎಂಬ ಉಪಾಯವೂ ಹೊರಬಂತು. ಸೋನಿಯ ರಿಪೇರಿ ಕೇಂದ್ರದವರು ಬಳಸುವ ವಿಶೇಷ ಬ್ಯಾಟರಿಯೊಂದಿತ್ತು. ಬ್ಯಾಟರಿಯೊಳಗಿನ ಚಿಪ್ಪಿನಲ್ಲಿ ಬರೆದ ಕ್ರಮಸಂಖ್ಯೆಯನ್ನು ನೋಡಿ ಪಿಎಸ್‌ಪಿ ತಾನಾಗಿ ಸರ್ವಿಸ್ ಸ್ಥಿತಿಗೆ ಹೋಗುತ್ತದೆ ಎಂದು ಪತ್ತೆಹಚ್ಚಿದವರು ಸಾಮಾನ್ಯ ಬ್ಯಾಟರಿಯ ಸಂಖ್ಯೆಯನ್ನೇ ತಿದ್ದಿಬಿಟ್ಟರು. ಸತ್ತ ಪಿಎಸ್‌ಪಿಗಳು ಎದ್ದು ಕೂತವು. ಸೋನಿ ಆಮೇಲಿನ 2000ದ ಬೋರ್ಡುಗಳಲ್ಲೂ 3000ದಲ್ಲೂ ಆ ಬಾಗಿಲನ್ನು ಮುಚ್ಚಿತು.

ಈಗ ಅಂಥ ಸಾಹಸ ಬೇಡ. ಕಾರ್ಡಿನಿಂದ ಒಂದು ತಂತ್ರಾಂಶವನ್ನು ಓಡಿಸಿದರೆ ಮುಗಿಯಿತು. ಅಪಾಯದ ಗಳಿಗೆ ಒಂದೇ: ಸೋನಿಯ 6.61 ಅಪ್‌ಡೇಟ್ ಬರೆಯುತ್ತಿರುವಾಗ ವಿದ್ಯುತ್ ಕೈಕೊಡಬಾರದು. ಅದಕ್ಕೇ ಅಪ್‌ಡೇಟ್ ಆಗಬೇಕಾದರೆ ಚಾರ್ಜ್ ಹಿಡಿದಿರುವ ಬ್ಯಾಟರಿಯೂ ಬೇಕು, ಚಾರ್ಜರೂ ಸಿಕ್ಕಿಸಿರಬೇಕು. ಬ್ಯಾಟರಿ ಮೊದಲು ಎಂದು ನಾನು ಹಟ ಹಿಡಿಯುವುದು ಇದಕ್ಕೆ.

ಸರಿ, ಕ್ರಮವಾಗಿ ಹೇಳಿ.

ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ ಇನ್ಫರ್ಮೇಷನ್ ತೆರೆದು ಈಗಿರುವ ಆವೃತ್ತಿಯನ್ನು ನೋಡಿ. 6.61 ಇಲ್ಲದಿದ್ದರೆ ಮೊದಲು ಅದಕ್ಕೆ ಏರಿಸಿ. ಕಾರ್ಡಿನಲ್ಲಿ ಪಿಎಸ್‌ಪಿ ಎಂಬ ಫೋಲ್ಡರ್, ಅದರೊಳಗೆ ಗೇಮ್, ಅದರೊಳಗೆ ಅಪ್‌ಡೇಟ್ ಎಂಬ ಫೋಲ್ಡರ್ ಮಾಡಿ, ಅಪ್‌ಡೇಟಿನ ಇಬೂಟ್ (EBOOT.PBP) ಎಂಬ ಫೈಲನ್ನು ಅಲ್ಲಿಡಿ. ಈ ಹೆಸರುಗಳೆಲ್ಲ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಇರಬೇಕು. ಪಿಎಸ್‌ಪಿಯ ಗೇಮ್ ಮೆನುವಿನಲ್ಲಿ ಮೆಮೊರಿ ಸ್ಟಿಕ್ ತೆರೆದರೆ ಅದು ಕಾಣುತ್ತದೆ, ಓಡಿಸಿ.

ಆಮೇಲೆ ಕಸ್ಟಮ್ ಫರ್ಮ್‌ವೇರ್. ಬಹುಕಾಲದಿಂದ ಬಳಕೆಯಲ್ಲಿರುವುದು ಪ್ರೊ-ಸಿ, ಇತ್ತೀಚಿನ ವರ್ಷಗಳಲ್ಲಿ ಬೆಳೆದದ್ದು ಆರ್ಕ್-4. ಹೊಸದಾಗಿ ಶುರು ಮಾಡುವವರು ಆರ್ಕ್-4 ಹಾಕಿಕೊಳ್ಳಿ, ಅದರ ಮೇಲೆ ಇನ್ನೂ ಕೆಲಸ ನಡೆಯುತ್ತಿದೆ. ಅದರ ಜೊತೆಗೆ ಬರುವ ಸೂಚನೆಯ ಫೈಲನ್ನು ಓದಿ, ಹೇಳಿದ ಜಾಗಗಳಲ್ಲಿ ಫೋಲ್ಡರುಗಳನ್ನು ಇಟ್ಟು, ಅದೇ ಗೇಮ್ ಮೆನುವಿನಿಂದ ಓಡಿಸಿ. ಪರದೆ ಒಮ್ಮೆ ಕಪ್ಪಾಗಿ ಮೆನು ಮರಳಿ ಬರುತ್ತದೆ. ಸೆಲೆಕ್ಟ್ ಗುಂಡಿ ಒತ್ತಿದಾಗ ಹೊಸ ಪಟ್ಟಿಯೊಂದು ಕಂಡರೆ ಕೆಲಸ ಆಯಿತು. ಕಾರ್ಡಿನ ಪಕ್ಕದ ಕಿತ್ತಳೆ ದೀಪ ಮಿನುಗುತ್ತಿರುವಾಗ ಮಾತ್ರ ಕಾರ್ಡನ್ನು ಎಳೆಯಬೇಡಿ.

ರಾತ್ರಿ ಹಾಕಿದ್ದು ಬೆಳಿಗ್ಗೆ ಮಾಯವಾಗಿದೆ!

ಏನೂ ಆಗಿಲ್ಲ. ಈ ತಿದ್ದುಪಡಿ ರ್‍ಯಾಮಿನಲ್ಲಿ ಇರುತ್ತದೆ. ಪೂರ್ತಿ ಆಫ್ ಮಾಡಿದರೆ ಅಥವಾ ಬ್ಯಾಟರಿ ಮುಗಿದರೆ ಹೋಗುತ್ತದೆ, ಮತ್ತೆ ಆ ತಂತ್ರಾಂಶವನ್ನು ಒಮ್ಮೆ ಓಡಿಸಬೇಕು. ಆಟ ನಿಲ್ಲಿಸುವಾಗ ಪವರ್ ಸ್ವಿಚ್ಚನ್ನು ಒಮ್ಮೆ ತಟ್ಟಿ ಬಿಟ್ಟರೆ ಪಿಎಸ್‌ಪಿ ನಿದ್ದೆಗೆ ಹೋಗುತ್ತದೆ, ಆಗ ಅಳಿಸುವುದಿಲ್ಲ. ಶಾಶ್ವತವಾಗಿ ಬೇಕೆಂದರೆ ಇನ್ಫಿನಿಟಿ ಎಂಬ ಇನ್ನೊಂದು ತಂತ್ರಾಂಶವಿದೆ. ಅದು ಫ್ಲ್ಯಾಷ್ ಮೆಮೊರಿಯಲ್ಲಿ ಬರೆಯುವುದರಿಂದ ತುಸು ಎಚ್ಚರ ಬೇಕು. ಬ್ಯಾಟರಿ ಗಟ್ಟಿಯಾಗಿದ್ದರೆ ಮಾತ್ರ ಹಾಕಿಕೊಳ್ಳಿ.

ಇದೆಲ್ಲ ಕಾನೂನುಬದ್ಧವೇ?

ನಿಮ್ಮ ಯಂತ್ರವನ್ನು ನಿಮ್ಮ ಡಿಸ್ಕುಗಳಿಗಾಗಿ ತಿದ್ದಿಕೊಳ್ಳುವುದು ಒಂದು, ನೂರಾರು ಆಟಗಳನ್ನು ಎಲ್ಲಿಂದಲೋ ಇಳಿಸಿಕೊಳ್ಳುವುದು ಇನ್ನೊಂದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು, ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ನ್ಯಾಯವಾಗಿ ಹೊಂದಿರುವವರು ಅದು ಕಳೆದುಹೋದೀತು, ಹಾಳಾದೀತು ಎಂಬ ರಕ್ಷಣೆಗಾಗಿ ಪ್ರತಿ ಮಾಡಿಟ್ಟುಕೊಳ್ಳಲು ಅವಕಾಶ ಕೊಡುತ್ತದೆ. 2012ರಲ್ಲಿ ಸೇರಿಸಿದ 65ಎ ಕಲಮು ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಒಡೆಯುವವರಿಗೆ ಶಿಕ್ಷೆ ಹೇಳುತ್ತದೆ. "ಐನೂರು ಗೇಮ್ ತುಂಬಿಕೊಡುತ್ತೇವೆ" ಎಂದು ದುಡ್ಡು ಪಡೆಯುವುದು ಈ ಬೇಲಿಯ ಯಾವ ಕಡೆಯಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆಟ ಎಲ್ಲಿಂದ ಇಳಿಸಿಕೊಳ್ಳಬೇಕು ಎಂದು ನನ್ನನ್ನು ಕೇಳಬೇಡಿ.

ನನ್ನ ಬಳಿಯ ಯುಎಂಡಿ ಡಿಸ್ಕನ್ನು ಕಾರ್ಡಿಗೆ ಇಳಿಸುವುದು ಹೇಗೆ?

ಡಿಸ್ಕ್ ಹಾಕಿ, ಮುಖ್ಯ ಮೆನುವಿನಲ್ಲಿ ಸೆಲೆಕ್ಟ್ ಒತ್ತಿ. ಬರುವ ಪಟ್ಟಿಯಲ್ಲಿ ಯುಎಸ್‌ಬಿ ಸಾಧನ ಎಂಬ ಸಾಲನ್ನು ಮೆಮೊರಿ ಸ್ಟಿಕ್‌ನಿಂದ ಯುಎಂಡಿ ಡಿಸ್ಕಿಗೆ ಬದಲಾಯಿಸಿ. ಈಗ ಕೇಬಲ್ ಸಿಕ್ಕಿಸಿ ಯುಎಸ್‌ಬಿ ಕನೆಕ್ಷನ್ ಒತ್ತಿದರೆ ಕಂಪ್ಯೂಟರಿನಲ್ಲಿ ಇಡೀ ಡಿಸ್ಕಿನ ಪ್ರತಿಯಾದ ಒಂದು ಐಎಸ್‌ಒ ಫೈಲ್ ಕಾಣುತ್ತದೆ. ಅದನ್ನು ಕಂಪ್ಯೂಟರಿಗೆ ನಕಲು ಮಾಡಿಕೊಂಡು, ಆಟದ ಹೆಸರಿಟ್ಟು, ಕಾರ್ಡಿನಲ್ಲಿ ಬೇರಾವ ಫೋಲ್ಡರಿನ ಒಳಗೂ ಅಲ್ಲದೆ ನೇರವಾಗಿ ಮಾಡಿದ ಐಎಸ್‌ಒ ಎಂಬ ಫೋಲ್ಡರಿನಲ್ಲಿ ಇಡಿ. ಡಿಸ್ಕ್ ತಿರುಗುವ ಕಿರ್ರೆನ್ನುವ ಸದ್ದು ಹೋಯಿತು, ಬ್ಯಾಟರಿಯೂ ಹೆಚ್ಚು ಹೊತ್ತು ಬಂತು, ಆಟ ತೆರೆಯುವ ಕಾಯುವಿಕೆಯೂ ಕಡಿಮೆಯಾಯಿತು.

ಆಟದ ಡಿಸ್ಕುಗಳಿಗೆ ಪ್ರದೇಶದ ಬೀಗವಿಲ್ಲ, ಜಪಾನಿನ ಡಿಸ್ಕ್ ನಮ್ಮಲ್ಲೂ ಓಡುತ್ತದೆ. ಸಿನಿಮಾ ಇದ್ದ ಯುಎಂಡಿಗಳಿಗೆ ಮಾತ್ರ ಬೀಗವಿತ್ತು.

ಡಿಸ್ಕೇ ಓದುತ್ತಿಲ್ಲವಲ್ಲ?

ಮೊದಲು ಡಿಸ್ಕಿನ ಪ್ಲಾಸ್ಟಿಕ್ ಚಿಪ್ಪು ನೋಡಿ. ಅಂಟು ಬಿಟ್ಟು ಎರಡು ಹೋಳಾಗಿದ್ದರೆ ಬದಲಿ ಚಿಪ್ಪು ಸಿಗುತ್ತದೆ. ಚಿಪ್ಪು ಸರಿಯಿದ್ದರೆ ಲೆನ್ಸ್ ಮೇಲೆ ದೂಳು ಕೂತಿರಬಹುದು. ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ತೊಟ್ಟು ಹಾಕಿ, ಒತ್ತದೆ ಸವರಿ, ಒಣಗಲು ಬಿಡಿ. ಹ್ಯಾಂಡ್ ಸ್ಯಾನಿಟೈಸರ್ ಬಳಸಬೇಡಿ, ಅದರ ಅಂಟು ಉಳಿಯುತ್ತದೆ.

ನಡೆಯುವ ಪಾತ್ರ ತಾನಾಗಿ ಎಡಕ್ಕೆ ಹೋಗುತ್ತಿದೆ. ಆ ದುಂಡು ಗುಂಡಿಯನ್ನು ನಾನೇ ಸರಿಮಾಡಬಹುದೇ?

ಮಾಡಬಹುದು. ಅನಲಾಗ್ ಗುಂಡಿ ಪಿಎಸ್‌ಪಿಯ ದೊಡ್ಡ ದೌರ್ಬಲ್ಯ. ಬ್ಯಾಟರಿ, ಕಾರ್ಡು, ಡಿಸ್ಕು ಮೂರನ್ನೂ ಹೊರತೆಗೆಯಿರಿ. ಕನ್ನಡಕದ ಅಂಗಡಿಯವರು ಬಳಸುವಂಥ ಪುಟ್ಟ ಸ್ಟಾರ್ ಸ್ಕ್ರೂಡ್ರೈವರ್ ಬೇಕು. ತಲೆ ಸವೆದದ್ದನ್ನು ಬಳಸಿದರೆ ಸ್ಕ್ರೂವಿನ ತಲೆಯೂ ಸವೆದು ಕೂರುತ್ತದೆ. ಬ್ಯಾಟರಿ ಗೂಡಿನ ಚೀಟಿಯ ಅಡಿಯಲ್ಲಿ ಅಡಗಿರುವ ಸ್ಕ್ರೂಗಳನ್ನು ಮರೆಯಬೇಡಿ. ಅವನ್ನು ಬಿಟ್ಟು ಮುಖದ ಫಲಕವನ್ನು ಎಬ್ಬಲು ಹೋಗಿ ಫಲಕ ಮುರಿದುಕೊಂಡವರು ಅನೇಕರು. ಬಿಚ್ಚಿದ ಸ್ಕ್ರೂಗಳನ್ನು ಬಿಳಿಹಾಳೆಯ ಮೇಲೆ ಪಿಎಸ್‌ಪಿಯ ಚಿತ್ರ ಬರೆದು ಆಯಾ ಜಾಗದಲ್ಲೇ ಇಟ್ಟುಕೊಳ್ಳಿ, ಉದ್ದ ಬೇರೆಬೇರೆ ಇರುತ್ತದೆ. ಕೆಲಸ ಮುಗಿಯುವವರೆಗೂ ಫ್ಯಾನ್ ಆಫ್ ಇರಲಿ.

ಫಲಕ ಬಂದ ಮೇಲೆ ಎಡಗಡೆ ಕೆಳಗೆ ಗುಂಡಿಯ ಜಾಗ ಕಾಣುತ್ತದೆ. ಗುಂಡಿಯ ಘಟಕಕ್ಕೂ ಬೋರ್ಡಿಗೂ ನಡುವೆ ವಿದ್ಯುತ್ ಹರಿಸುವ ಪುಟ್ಟ ರಬ್ಬರ್ ತುಂಡಿದೆ. ಬೆರಳಿನ ಬೆವರು, ದೂಳು ಸೇರಿ ಅದರ ಮೇಲೆ ಮಸಿಯಂಥ ಪೊರೆ ಕಟ್ಟಿರುತ್ತದೆ. ರಬ್ಬರನ್ನೂ ಎದುರಿನ ಚಿನ್ನದ ಬಣ್ಣದ ಬಿಂದುಗಳನ್ನೂ ಆಲ್ಕೊಹಾಲಿನಿಂದ ಒರೆಸಿ, ಒಣಗಿಸಿ, ಮರಳಿ ಕೂರಿಸಿ. ಬಹಳಷ್ಟು ಸಲ ಇಷ್ಟಕ್ಕೇ ಸರಿಹೋಗುತ್ತದೆ. ಹೋಗದಿದ್ದರೆ ಹೊಸ ಘಟಕ ತರಿಸಿ, ಮಾದರಿ ಸಂಖ್ಯೆ ನೋಡಿಯೇ ತರಿಸಿ, 1000ದ್ದೂ 3000ದ್ದೂ ಒಂದೇ ಅಲ್ಲ.

ಪರದೆಯ ಕೆಳಗಿನ ಗುಂಡಿಪಟ್ಟಿಯ ತೆಳುವಾದ ರಿಬ್ಬನ್ ಕೇಬಲನ್ನು ಎಳೆಯಬೇಡಿ. ಅದನ್ನು ಹಿಡಿದಿರುವ ಪುಟ್ಟ ಕೊಂಡಿಯನ್ನು ಉಗುರಿನಿಂದ ಮೇಲೆತ್ತಿದರೆ ಕೇಬಲ್ ತಾನಾಗಿ ಬಿಡುತ್ತದೆ. ಇಲ್ಲಿ ಕೈ ನಡುಗುತ್ತದೆ ಎನ್ನುವವರು ನಂಬಿಕೆಯ ಮೊಬೈಲ್ ರಿಪೇರಿಯವರ ಬಳಿ ಹೋಗಿ. ಪಿಎಸ್‌ಪಿಯನ್ನು ಅವರು ಮುಂಚೆ ನೋಡಿರಬೇಕೆಂದಿಲ್ಲ, ರಿಬ್ಬನ್ ಕೇಬಲ್‌ಗಳು ಅವರಿಗೆ ದಿನನಿತ್ಯದ ಮಾತು.

ಮನೆಯ ವೈಫೈಗೆ ಸೇರುತ್ತಿಲ್ಲ.

ಸೇರದಿದ್ದರೆ ಆಶ್ಚರ್ಯವಿಲ್ಲ. ಪಿಎಸ್‌ಪಿಯದು 802.11ಬಿ ಎಂಬ ಹಳೆಯ ಬಗೆಯ ವೈಫೈ. ಈಗಿನ ರೂಟರುಗಳ ಡಬ್ಲ್ಯೂಪಿಎ2 ಭದ್ರತೆ ಅದಕ್ಕೆ ತಿಳಿಯದು. ಅದಕ್ಕಾಗಿ ಮನೆಯ ರೂಟರಿನ ಭದ್ರತೆಯನ್ನು ಇಳಿಸುವುದು ಬುದ್ಧಿವಂತಿಕೆಯಲ್ಲ. ಅಂತರ್ಜಾಲಕ್ಕೆ ಹೋಗಿ ಮಾಡುವುದಾದರೂ ಏನು? ಅದರ ಬ್ರೌಸರಿನಲ್ಲಿ ಇಂದಿನ ತಾಣಗಳು ತೆರೆಯುವುದಿಲ್ಲ, ಪಿಎಸ್‌ಪಿಗೆಂದು ಉಳಿದಿದ್ದ ಖರೀದಿ ವ್ಯವಸ್ಥೆಯನ್ನೂ ಸೋನಿ 2021ರ ಜುಲೈನಲ್ಲಿ ನಿಲ್ಲಿಸಿತು.

ವೈಫೈ ಇರುವುದು ಇನ್ನೊಂದು ಸುಖಕ್ಕೆ. ಎರಡು ಪಿಎಸ್‌ಪಿಗಳು ರೂಟರ್ ಇಲ್ಲದೆ, ನೆಟ್‌ವರ್ಕ್ ಇಲ್ಲದೆ ನೇರವಾಗಿ ಮಾತಾಡಿಕೊಳ್ಳುತ್ತವೆ. ಅದಕ್ಕೆ ಅಡ್‌ಹಾಕ್ ಎನ್ನುತ್ತಾರೆ. ಎರಡರಲ್ಲೂ ವೈಫೈ ಸ್ವಿಚ್ ಆನ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಒಂದೇ ಚಾನೆಲ್ ಇಟ್ಟು, ಆಟದ ಮಲ್ಟಿಪ್ಲೇಯರ್ ತೆರೆಯಿರಿ. ಮೈಸೂರಿನಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಎದುರುಬದುರು ಕೂತ ಇಬ್ಬರು ಟೆಕ್ಕನ್ ಎಂಬ ಹೊಡೆದಾಟದ ಆಟ ಶುರುಮಾಡಿದರೆ ಪಾಂಡವಪುರ, ಮಂಡ್ಯ ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ಮದ್ದೂರಿನಲ್ಲಿ ಆಟಕ್ಕೆ ವಿರಾಮ ಕೊಡಿ. ವಡೆ ತಿಂದ ಎಣ್ಣೆಗೈಯಲ್ಲಿ ಅನಲಾಗ್ ಗುಂಡಿ ಮುಟ್ಟಿದರೆ ಮೇಲೆ ಹೇಳಿದ ರಿಪೇರಿ ಬೇಗನೆ ಬರುತ್ತದೆ.

ಯಾವ ಆಟದಿಂದ ಶುರು ಮಾಡಲಿ?

ರುಚಿ ಅವರವರದು. ನಾನು ಹೊಸಬರ ಕೈಗೆ ಮೊದಲು ಕೊಡುವುದು ಪ್ಯಾಟಪಾನ್. ತಾಳಕ್ಕೆ ತಕ್ಕಂತೆ ಗುಂಡಿ ಒತ್ತಿ ಪುಟ್ಟ ಸೈನ್ಯವನ್ನು ನಡೆಸುವ ಆಟ. ತಾಳ ತಪ್ಪಿದರೆ ಸೈನ್ಯ ಎಡವುತ್ತದೆ. ಯಂತ್ರದ ಪೂರ್ಣ ಶಕ್ತಿ ನೋಡಬೇಕೆಂದರೆ 2008ರ ಗಾಡ್ ಆಫ್ ವಾರ್: ಚೈನ್ಸ್ ಆಫ್ ಒಲಿಂಪಸ್. ಪಿಎಸ್‌ಪಿಯ ಪ್ರೊಸೆಸರ್ 333 ಮೆಗಾಹರ್ಟ್ಜ್ ವೇಗದ್ದಾದರೂ ಸೋನಿ ಮೊದಲು ಅದನ್ನು 222ಕ್ಕೆ ಕಟ್ಟಿಹಾಕಿತ್ತು. ಆ ಕಟ್ಟು ಬಿಚ್ಚಿದ್ದು 2007ರಲ್ಲಿ. ಆ ಕಾರಣಕ್ಕೆ ಮೊದಲ ವರ್ಷಗಳ ಆಟಗಳಿಗೂ ಇದಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ನಮ್ಮ ನೆಲದ ಆಟ ಬೇಕೆಂದರೆ ದೇಸಿ ಅಡ್ಡಾ ಹುಡುಕಿ. ಹೈದರಾಬಾದಿನ ಗೇಮ್‌ಶಾಸ್ತ್ರ ಕಂಪನಿ ಮಾಡಿದ ಡಿಸ್ಕು. ಕಬಡ್ಡಿ, ಗಾಳಿಪಟದ ಜೊತೆ ನಮ್ಮ ಚಿನ್ನಿದಾಂಡೂ ಅದರಲ್ಲಿದೆ. ಆಟವಾಗಿ ಸಾಧಾರಣ, ಆದರೆ ಸೋನಿ ಯಂತ್ರದ ಪರದೆಯಲ್ಲಿ ಚಿನ್ನಿ ಚಿಮ್ಮುವುದನ್ನು ಒಮ್ಮೆ ನೋಡಲೇಬೇಕು.

ಕನ್ನಡ ಓದಲು, ಕೇಳಲು ಬಳಸಬಹುದೇ?

ಮೆನುವಿನಲ್ಲಿ ಕನ್ನಡವಿಲ್ಲ. ಹಾಡಿನ ಫೈಲಿಗೆ ಕನ್ನಡದಲ್ಲಿ ಹೆಸರಿಟ್ಟರೂ ಅಕ್ಷರ ಮೂಡುವುದಿಲ್ಲ. ಇಂಗ್ಲಿಷ್ ಲಿಪಿಯಲ್ಲಿ ಹೆಸರಿಟ್ಟರೆ ಎಂಪಿ3 ಸೊಗಸಾಗಿ ಕೇಳುತ್ತದೆ; ಹಾಳೆಗಳನ್ನು ಚಿತ್ರವಾಗಿ ಮಾಡಿ ಪಿಕ್ಚರ್ ಫೋಲ್ಡರಿಗೆ ಹಾಕಿದರೆ ಕನ್ನಡವೂ ಕಾಣುತ್ತದೆ. ಇಡೀ ಪುಟ ಹಾಕಿದರೆ ಅಕ್ಷರ ಇರುವೆಗಾತ್ರ, ಅಡ್ಡಕ್ಕೆ ಮೂರು ತುಂಡು ಮಾಡಿ ಹಾಕಿ. ವಿಡಿಯೊವನ್ನು 480×272ಕ್ಕೆ ಇಳಿಸಿ ಎಂಪಿ4 ಮಾಡಿದರೆ ಚೊಕ್ಕವಾಗಿ ನಡೆಯುತ್ತದೆ, ಅಡಿಬರಹ ಬೇಕಿದ್ದರೆ ಚಿತ್ರದೊಳಗೇ ಅಚ್ಚೊತ್ತಿರಬೇಕು.

ಮೊಬೈಲಿನಲ್ಲೇ ಪಿಪಿಎಸ್‌ಎಸ್‌ಪಿಪಿ ಇದೆಯಲ್ಲ, ಇಷ್ಟೆಲ್ಲ ಯಾಕೆ?

ಚಿತ್ರ ಚೆನ್ನಾಗಿ ಕಾಣಬೇಕು ಎಂಬುದೊಂದೇ ಆಸೆಯಾದರೆ ಮೊಬೈಲೇ ಮೇಲು. 2012ರಿಂದ ಬೆಳೆದುಬಂದ ಆ ಎಮ್ಯುಲೇಟರ್ (ಪಿಎಸ್‌ಪಿಯನ್ನು ಅನುಕರಿಸಿ ಅದರ ಆಟಗಳನ್ನು ಓಡಿಸುವ ತಂತ್ರಾಂಶ) ಉಚಿತ, ಇಂದಿನ ಸಾಧಾರಣ ಫೋನಿನಲ್ಲೂ ಆಟಗಳನ್ನು ಮೂಲಕ್ಕಿಂತ ನಿಚ್ಚಳವಾಗಿ ತೋರಿಸುತ್ತದೆ. ಆದರೆ ಗಾಜಿನ ಮೇಲೆ ಬೆರಳು ಜಾರಿಸಿ ಟೆಕ್ಕನ್ ಆಡುವುದು ನನಗಂತೂ ಶಿಕ್ಷೆ. ಪಿಎಸ್‌ಪಿಯಲ್ಲಿ ಆಡುವಾಗ ಯಾರ ಕರೆಯೂ ಬರುವುದಿಲ್ಲ, ಒಟಿಪಿಯೂ ಬರುವುದಿಲ್ಲ. ಎರಡನ್ನೂ ಇಟ್ಟುಕೊಳ್ಳಬಹುದು: ಕಾರ್ಡಿನ ಸೇವ್‌ಡೇಟಾ ಫೋಲ್ಡರನ್ನು ಫೋನಿಗೆ ನಕಲು ಮಾಡಿದರೆ ಆಟ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಹಳೆಯದನ್ನು ಕೊಳ್ಳುವಾಗ ಏನು ನೋಡಬೇಕು?

ಮಾರುವವರ ಮುಂದೆಯೇ ಆನ್ ಮಾಡಿಸಿ. ಪರದೆಯ ಬೆಳಕನ್ನು ಪೂರ್ತಿ ಏರಿಸಿ, ಬಿಳಿ ಚಿತ್ರ ತೆರೆದು, ಕಲೆ, ಸತ್ತ ಚುಕ್ಕೆ ಇವೆಯೇ ನೋಡಿ. 3000ದಲ್ಲಿ ವೇಗವಾಗಿ ಚಲಿಸುವ ಚಿತ್ರದಲ್ಲಿ ಸಣ್ಣ ಅಡ್ಡಗೆರೆಗಳು ಕಂಡರೆ ಹೆದರಬೇಡಿ, ಆ ಪರದೆಯ ಗುಣವೇ ಅದು. ಎಲ್ಲ ಗುಂಡಿಗಳನ್ನೂ, ಮೇಲಿನ ಎಲ್ ಮತ್ತು ಆರ್ ಗುಂಡಿಗಳನ್ನೂ ಒತ್ತಿ ನೋಡಿ. ಇಯರ್‌ಫೋನ್ ಸಿಕ್ಕಿಸಿ ಎರಡೂ ಕಿವಿಗೆ ಕೇಳುತ್ತದೆಯೇ ಪರೀಕ್ಷಿಸಿ. ಡಿಸ್ಕ್ ಓದದಿದ್ದರೆ, ಬ್ಯಾಟರಿ ಇಲ್ಲದಿದ್ದರೆ ಬೆಲೆ ಇಳಿಸಿ ಕೊಳ್ಳಬಹುದು. ಪರದೆ ಒಡೆದಿದ್ದರೆ, ಒಳಗೆ ನೀರು ಹೋಗಿ ಹಸಿರು ಕಿಲುಬು ಕಂಡರೆ ಬಿಟ್ಟುಬನ್ನಿ. ಗೋ ಮಾದರಿಯನ್ನು ಮೊದಲ ಯಂತ್ರವಾಗಿ ಕೊಳ್ಳಬೇಡಿ: ಡಿಸ್ಕ್ ಇಲ್ಲ, ಕೇಬಲ್ ಅದರದ್ದೇ, ಕಾರ್ಡೂ ಬೇರೆ.

ಮಾರುವುದಾದರೆ ಅಥವಾ ತಮ್ಮನಿಗೆ ಕೊಡುವುದಾದರೆ?

ಸೇವ್ ಫೈಲುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಕಾರ್ಡನ್ನು ಫಾರ್ಮ್ಯಾಟ್ ಮಾಡಿ, ಉಳಿಸಿಟ್ಟ ವೈಫೈ ಗುಪ್ತಪದಗಳನ್ನು ಅಳಿಸಿ. ಕಸ್ಟಮ್ ಫರ್ಮ್‌ವೇರ್ ಇದೆಯೇ, ಅದು ಶಾಶ್ವತವೇ ಅಲ್ಲವೇ ಎಂದು ತೆಗೆದುಕೊಳ್ಳುವವರಿಗೆ ಹೇಳಿ. ಇಲ್ಲದಿದ್ದರೆ ಮರುದಿನ ಬೆಳಿಗ್ಗೆ "ಎಲ್ಲ ಮಾಯವಾಗಿದೆ" ಎಂಬ ಕರೆ ನಿಮಗೇ ಬರುತ್ತದೆ.